ಗಿಡದ ಬೋರ್ಡಿಗೆ ಹಳೇ ಕುಟುಂಬವೋ, ಹೊಸದೋ?

ಮಡಿಕೇರಿ ಹತ್ತಿರ ಹೋಂಸ್ಟೇ ನಡೆಸುವ ಗೆಳೆಯರೊಬ್ಬರು ತೋಟದ ಗಿಡಗಳಿಗೆ ಹೆಸರಿನ ಬೋರ್ಡು ಬರೆಸುತ್ತಿದ್ದಾರೆ. ಗಿಡದ ಕುಟುಂಬದ, ಅಂದರೆ ಹತ್ತಿರದ ನೆಂಟ ಗಿಡಗಳ ಗುಂಪಿನ, ಹೆಸರು ಯಾವ ಪದ್ಧತಿಯದು ಹಾಕೋದು ಅಂತ ಕೇಳಿದರು.

ಬ್ರಿಟಿಷ್ ಸಸ್ಯಶಾಸ್ತ್ರಜ್ಞರಾದ ಬೆಂಥಮ್, ಹೂಕರ್ ಅವರ ಹಳೇ ಪದ್ಧತಿ (1862–83) ಹೂವು, ಕಾಯಿ, ಎಲೆ ನೋಡಿ ಗುಂಪು ಮಾಡಿತು. 1998ರಲ್ಲಿ ಶುರುವಾದ ಎಪಿಜಿ (ಸಸ್ಯವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ಗುಂಪಿನ ಹೊಸ ಪದ್ಧತಿ) ಡಿಎನ್‌ಎ ನೋಡುತ್ತದೆ. ಅದರ 2016ರ ಪಟ್ಟಿಯಲ್ಲಿ 416 ಕುಟುಂಬಗಳಿವೆ.

ಕಾಫಿ, ಸಿಲ್ವರ್ ಓಕ್, ಮದ್ದುಸೊಪ್ಪು – ಒಂದೊಂದರ ಕುಟುಂಬವೂ ಎರಡು ಪದ್ಧತಿಯಲ್ಲೂ ಅದೇ. ತಲೆನೋವಿಲ್ಲ.

ತೋಕ್ ಪೂ (ಅಗ್ನಿಶಿಖೆ) ನೋಡಿ. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ಸಿಕ್ಕಿಸುವ ಹೂವು. ಬುಡ ಹಳದಿ, ತುದಿ ಕೆಂಪು, ಎಸಳು ಮೇಲಕ್ಕೆ ಮಡಚಿ ಬೆಂಕಿಯ ಹಾಗೆ. ಹಳಬರು ಲಿಲಿಯೇಸಿಗೆ ಸೇರಿಸಿದರು, ಎಪಿಜಿ ಕಾಲ್ಚಿಕೇಸಿ ಅನ್ನುತ್ತದೆ. ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ವಿಷ ಯುರೋಪಿನ ಕಾಲ್ಚಿಕಮ್ ಗಿಡದಲ್ಲೂ ಇದೆ. ಹೊಸ ಗುಂಪೇ ಸರಿ ಅನ್ಸುತ್ತೆ, ಅಲ್ವಾ? ತೇಗವೂ ವರ್ಬಿನೇಸಿ ಬಿಟ್ಟು ಲೇಮಿಯೇಸಿಗೆ ಬಂತು. ತುಳಸಿಯ ನೆಂಟ!

ಆದರೆ ಹಳೆಯದನ್ನು ಸುಮ್ನೆ ತಳ್ಳಿಹಾಕಬೇಡಿ. ಕೈಲೊಂದು ಭೂತಗನ್ನಡಿ ಇದ್ದರೆ ಸಾಕು, ಗಿಡ ಗುರುತಿಸಬಹುದು. ಸಸ್ಯಶಾಸ್ತ್ರಜ್ಞ ಗ್ಯಾಂಬಲ್ ಅವರ ಮದ್ರಾಸ್ ಪ್ರಾಂತ್ಯದ ಸಸ್ಯಸಂಪುಟಗಳೂ ಅದೇ ಕ್ರಮದಲ್ಲಿವೆ. ಗಿಡ ಕಲಿಯೋಕೆ ಬರುವ ಮಕ್ಕಳಿಗೆ ಅದೇ ಜಾಸ್ತಿ ಸುಲಭ.

ಬೋರ್ಡಿಗೆ ಮಾತ್ರ ನಾನು ಎಪಿಜಿ ಅಂದೆ. 2024ರಲ್ಲಿ 9,500ಕ್ಕೂ ಹೆಚ್ಚು ಜಾತಿಗಳ 353 ಜೀನ್ ಹೋಲಿಸಿದಾಗಲೂ ಅದರ ಹೆಚ್ಚಿನ ಕುಟುಂಬಗಳು ಉಳಿದುಕೊಂಡವು. ಆದರೂ ಮುಂದೆ ಹೆಸರು ಬದಲಾದರೆ ತೆಗೆಯೋಕೆ ಅಂತ, ಕುಟುಂಬದ ಹೆಸರನ್ನು ಬೇರೆ ಸಣ್ಣ ಹಲಗೆಯಲ್ಲಿ ಬರೆಸಿ ಸ್ಕ್ರೂ ಹಾಕಿಸಿ ಅಂತ ಹೇಳಿದ್ದೇನೆ. ಕೊಡಗಿನ ಮಳೆಗೆ ಪೇಂಟೂ ಹೇಗಿದ್ರೂ ನಿಲ್ಲಲ್ಲ.