ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರುತ್ತಾರೆ?

ನನ್ನ ಮಗಳು ಹುಟ್ಟಿದ್ದು 2019ರಲ್ಲಿ, ಬೆಂಗಳೂರಿನ ಒಂದು ದೊಡ್ಡ ಕಾರ್ಪೊರೇಟ್ ಆಸ್ಪತ್ರೆಯಲ್ಲಿ. ಮಗ ಹುಟ್ಟಿದ್ದು 2024ರ ಆಗಸ್ಟಿನಲ್ಲಿ, ಮಂಗಳೂರಿನಲ್ಲಿ. ಅದರ ನಡುವೆ ತಂಗಿಯ ಹೆರಿಗೆಗೆಂದು ನಮ್ಮ ಕಡೆಯ ತಾಲೂಕು ಸರಕಾರಿ ಆಸ್ಪತ್ರೆಯಲ್ಲಿ ಮೂರು ರಾತ್ರಿ ಕಳೆದಿದ್ದೇನೆ. ಎರಡನೇ ಬಸಿರಿನ ಏಳು ತಿಂಗಳು ಕುಮಟಾದ ನರ್ಸಿಂಗ್ ಹೋಮ್ ಒಂದರಲ್ಲಿ ತಪಾಸಣೆ ಮಾಡಿಸಿಕೊಂಡಿದ್ದೇನೆ. ‘ಹೆರಿಗೆಗೆ ಯಾವ ಆಸ್ಪತ್ರೆ ಚಲೋ?’ ಎಂದು ಊರಿನ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯಲು ಕೂತೆ. ಆಸ್ಪತ್ರೆಗಳ ಹೆಸರು ಹಾಕಿಲ್ಲ. ಡಾಕ್ಟರು ಬದಲಾದರೆ ಅದೇ ಆಸ್ಪತ್ರೆಯ ಅನುಭವವೂ ಬದಲಾಗುತ್ತದೆ.

ಮೊದಲು ನನ್ನ ದೇಹದ ಎರಡು ಸಂಗತಿ ಹೇಳಬೇಕು. ನನ್ನದು ಓ ನೆಗೆಟಿವ್ ರಕ್ತ, ಯಜಮಾನರದು ಬಿ ಪಾಸಿಟಿವ್. ತಾಯಿ ನೆಗೆಟಿವ್ ಇದ್ದು ಮಗು ಪಾಸಿಟಿವ್ ಆದರೆ, ಹೆರಿಗೆಯ ಹೊತ್ತಿಗೆ ಮಗುವಿನ ರಕ್ತಕಣ ತಾಯಿಯ ರಕ್ತಕ್ಕೆ ಸೇರಿ, ಅದರ ವಿರುದ್ಧ ತಾಯಿಯ ಮೈ ಪ್ರತಿಕಾಯ ಮಾಡಿಕೊಳ್ಳಬಹುದು. ಕುತ್ತು ಬರುವುದು ಮುಂದಿನ ಮಗುವಿಗೆ. ಅದನ್ನು ತಡೆಯಲು 28ನೇ ವಾರಕ್ಕೊಮ್ಮೆ, ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಮ್ಮೆ ಆ್ಯಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಓ ನೆಗೆಟಿವ್‌ನವರಿಗೆ ರಕ್ತ ಬೇಕಾದರೆ ಓ ನೆಗೆಟಿವ್ವೇ ಆಗಬೇಕು. ಎರಡನೆಯ ಸಂಗತಿ, ನನ್ನ ಮೊದಲ ಹೆರಿಗೆ ಸಿಸೇರಿಯನ್.

ಬೆಂಗಳೂರಿನ ಆಸ್ಪತ್ರೆಯನ್ನು ನಾವು ಆರಿಸಿದ್ದು ರೂಮು ನೋಡಿ. ಸೂಟು ಹಾಕಿದ ಹುಡುಗಿಯೊಬ್ಬಳು ಮಹಡಿ ಮಹಡಿ ಸುತ್ತಿಸಿ, ಹೆರಿಗೆ ಕೋಣೆಯ ಮಬ್ಬು ದೀಪ, ಜತೆಗಿರುವವರಿಗೆ ಸೋಫಾ, ಮಗುವಿನ ಫೋಟೋ ತೆಗೆಯುವ ಮೂಲೆ ಎಲ್ಲ ತೋರಿಸಿದಳು. ನಾವು ಕೇಳಿದ್ದು ಎರಡೇ: ಎಸಿ ಇದೆಯಾ, ಆಯಿ ರಾತ್ರಿ ಉಳಿಯಬಹುದಾ. ಒಂಬತ್ತು ತಿಂಗಳು ನನ್ನನ್ನು ನೋಡಿದ ಹಿರಿಯ ಡಾಕ್ಟರು ಹೆರಿಗೆಯ ದಿನ ಊರಲ್ಲಿರಲಿಲ್ಲ. 40 ವಾರ ದಾಟಿತ್ತು, ನೋವು ಬರಿಸುವ ಔಷಧಿ ಕೊಟ್ಟಿದ್ದರು. ರಾತ್ರಿ ಹನ್ನೊಂದಕ್ಕೆ, ಅಲ್ಲಿಯವರೆಗೆ ಮುಖವನ್ನೇ ನೋಡದ ಡಾಕ್ಟರೊಬ್ಬರು ಬಂದು, ‘ಬೇಬಿ ಹಾರ್ಟ್‌ಬೀಟ್ ಇಳೀತಿದೆ, ಸಿಸೇರಿಯನ್ ಮಾಡೋಣ’ ಎಂದರು. ಯಜಮಾನರು ನಾಲ್ಕು ಕಡೆ ಸಹಿ ಹಾಕಿದರು. ಡಿಸ್ಚಾರ್ಜ್ ಕಾಗದದಲ್ಲಿ ‘ಫೀಟಲ್ ಡಿಸ್ಟ್ರೆಸ್’ (ಹೊಟ್ಟೆಯೊಳಗಿನ ಮಗುವಿಗೆ ಸಂಕಟ) ಎಂಬ ಎರಡು ಶಬ್ದ, ಅಷ್ಟೇ. ಅದು ಬೇಕೇ ಬೇಕಿತ್ತೋ ಏನೋ. ಆದರೆ ನನ್ನ ಹೊಟ್ಟೆ ಯಾಕೆ ಕೊಯ್ದರು ಎಂಬುದನ್ನು ನನಗೆ ಯಾರೂ ಕೂತು ಹೇಳಲಿಲ್ಲ. ಆಮೇಲೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಓದಿದೆ. ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಯಲ್ಲಿ ನೂರಕ್ಕೆ 47 ಸಿಸೇರಿಯನ್, ಸರಕಾರಿಯಲ್ಲಿ 14. ಆ ಅಂಕಿ ನೋಡಿದ ಮೇಲೆ ಮನಸ್ಸಿನ ಮುಳ್ಳು ಇನ್ನಷ್ಟು ಆಳಕ್ಕಿಳಿಯಿತು.

ಅಲ್ಲಿ ಚಲೋ ಆದದ್ದನ್ನೂ ಹೇಳಬೇಕು. ಮಗಳಿಗೆ ಉಸಿರು ಜೋರಾಗಿತ್ತು. ಒಂದು ದಿನ ಹಸುಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುದಲ್ಲಿಟ್ಟರು, ಅದೂ ಅದೇ ಮಹಡಿಯಲ್ಲಿ. ಕೂಸನ್ನು ಆಂಬುಲೆನ್ಸಿನಲ್ಲಿ ಎಲ್ಲಿಗೋ ಸಾಗಿಸುವ ಗೋಳು ಬರಲಿಲ್ಲ. ಆ್ಯಂಟಿ-ಡಿಯನ್ನೂ ನಾವು ನೆನಪಿಸುವ ಮೊದಲೇ ಕೊಟ್ಟರು.

ಕೋವಿಡ್ ಕಾಲಕ್ಕೆ ಊರಿಗೆ ಬಂದವಳು ಇಲ್ಲೇ ಉಳಿದೆ. ಎರಡನೇ ಸಲ ದಿನ ತುಂಬುವುದು 2024ರ ಆಗಸ್ಟ್ 20ಕ್ಕೆ ಎಂದು ಡೇಟ್ ಕೊಟ್ಟರು. ತೋರಿಸಿಕೊಳ್ಳಲು ಹೋದದ್ದು ಕುಮಟಾದ ಸಣ್ಣ ನರ್ಸಿಂಗ್ ಹೋಮಿಗೆ. ಹತ್ತು ಹಾಸಿಗೆ, ಒಬ್ಬ ಡಾಕ್ಟರಮ್ಮ, ಕಾಯಲು ಮರದ ಬೆಂಚು. ನಾನು ಕಂಡ ಎಲ್ಲ ಆಸ್ಪತ್ರೆಗಳಲ್ಲಿ ಅತಿ ಚೆನ್ನಾಗಿ ತಪಾಸಣೆಯಾದದ್ದು ಇಲ್ಲಿ. ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡುವಾಗ ಫೋನ್ ಎತ್ತುತ್ತಿರಲಿಲ್ಲ. ಹಿಮೋಗ್ಲೋಬಿನ್ 9.8ಕ್ಕೆ ಇಳಿದಾಗ, ಕಬ್ಬಿಣದ ಮಾತ್ರೆ ಚಹಾದ ಹಿಂದೆಮುಂದೆ ನುಂಗುತ್ತಿದ್ದೇನೆಂದು ಕೇಳಿ ತಿಳಿದುಕೊಂಡು ಹೊತ್ತು ಬದಲಿಸಿದರು. ಆರು ವಾರಕ್ಕೆ 11 ದಾಟಿತು. ನಾನು ಇಲ್ಲೇ ಹೆರುತ್ತೇನೆ ಎಂದಾಗ ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

‘ನಿಂದು ನಾನು ಇಲ್ಲಿ ಮಾಡೂದಿಲ್ಲ ತಂಗಿ. ಹಳೇ ಹೊಲಿಗೆ, ಮೇಲಿಂದ ನೆಗೆಟಿವ್ ರಕ್ತ. ಅನಸ್ತೇಷಿಯಾದವ್ರನ್ನ ನಾನು ಫೋನ್ ಮಾಡಿ ಕರೆಸ್ಬೇಕು. ಹಗಲಾದ್ರೆ ಇಪ್ಪತ್ತು ನಿಮಿಷಕ್ಕೆ ಬರ್ತಾರೆ. ಆಗಸ್ಟ್ ತಿಂಗಳ ಮಳೇಲಿ, ರಾತ್ರಿ ಎರಡು ಗಂಟೆಗೆ, ನಾನು ಗ್ಯಾರಂಟಿ ಕೊಡೂದಿಲ್ಲ.’

ಕೈಗೆ ಬಂದ ಗಿರಾಕಿಯನ್ನು ಬಿಟ್ಟುಕೊಟ್ಟು ಇಷ್ಟು ನೇರವಾಗಿ ಹೇಳುವವರು ಎಷ್ಟು ಮಂದಿ ಸಿಗುತ್ತಾರೆ? ಚೀಟಿಯ ಬೆನ್ನಿಗೆ ಮೂರು ಪ್ರಶ್ನೆ ಬರೆದುಕೊಟ್ಟರು. ರಾತ್ರಿ ಎರಡು ಗಂಟೆಗೆ ಥಿಯೇಟರ್ ಶುರುವಾಗಲು ಎಷ್ಟು ನಿಮಿಷ? ರಕ್ತ ಕಟ್ಟಡದೊಳಗೇ ಇದೆಯೋ, ಹೊರಗಿಂದ ತರಬೇಕೋ? ಮಗುವಿಗೆ ಎನ್‌ಐಸಿಯು ಅಲ್ಲೇ ಇದೆಯೋ? ನಾನು ಆಮೇಲೆ ಮಾಡಿದ ಹೋಲಿಕೆಯೆಲ್ಲ ಈ ಚೀಟಿಯ ಮೇಲೆಯೇ.

ತಂಗಿಗೆ ಇಂಥ ಯಾವ ತೊಡಕೂ ಇರಲಿಲ್ಲ. ಮೊದಲನೆಯದು ನಾರ್ಮಲ್, ಎರಡನೆಯದನ್ನೂ ತಾಲೂಕು ಸರಕಾರಿ ಆಸ್ಪತ್ರೆಯಲ್ಲೇ ಹೆತ್ತಳು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಸೊಂಟ ನೀವುತ್ತ, ಬೈಯದೆ, ಅವಸರ ಮಾಡದೆ ಹೆರಿಗೆ ಮಾಡಿಸಿದ್ದನ್ನು ಕಣ್ಣಾರೆ ಕಂಡೆ. ಹುಟ್ಟಿದ ಅರ್ಧ ಗಂಟೆಯಲ್ಲಿ ಕೂಸು ಎದೆಗೆ ಬಂತು. ತಾಯಿ ಕಾರ್ಡ್ ತೋರಿಸಿದ್ದಕ್ಕೆ ಔಷಧಿ, ಊಟ ಎಲ್ಲ ಬಿಟ್ಟಿ. ಮನೆಗೆ ಬಿಟ್ಟದ್ದು ಸರಕಾರದ ನಗು-ಮಗು ವಾಹನ. ಪಾಯಖಾನೆ ಮಾತ್ರ ಬಾಳಂತಿ ಕಾಲಿಡುವಂತಿರಲಿಲ್ಲ, ನಾವೇ ಫಿನಾಯಿಲ್ ತಂದು ತೊಳೆದೆವು. ಪಕ್ಕದ ಹಾಸಿಗೆಯವಳಿಗೆ ಸಿಸೇರಿಯನ್ ಬೇಕೆಂದಾಗ ಅನಸ್ತೇಷಿಯಾ ಡಾಕ್ಟರು ರಜೆಯಲ್ಲಿದ್ದರು, ರಾತ್ರೋರಾತ್ರಿ 108ರಲ್ಲಿ ಬೇರೆಡೆಗೆ ಕಳಿಸಿದರು. ಆರೋಗ್ಯವಂತ ಬಸುರಿಗೆ ನಾನು ಈಗಲೂ ಸರಕಾರಿ ಆಸ್ಪತ್ರೆಯನ್ನೇ ಹೇಳುತ್ತೇನೆ. ನನ್ನಂಥವಳಿಗೆ ಆ ರಾತ್ರಿ ಕಂಡ ಆಂಬುಲೆನ್ಸೇ ಉತ್ತರವಾಗಿತ್ತು.

ಉಳಿದದ್ದು ದೊಡ್ಡ ಊರು. ಕುಮಟಾದಿಂದ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ 70 ಕಿ.ಮೀ. ಆಸುಪಾಸು, ಹುಬ್ಬಳ್ಳಿ ಸುಮಾರು 160, ಮಂಗಳೂರು ಸುಮಾರು 200. ದೂರ ಮಾತ್ರ ಲೆಕ್ಕ ಹಾಕಿದರೆ ಮಂಗಳೂರು ಕೊನೆಯದು. ಹುಬ್ಬಳ್ಳಿಯಲ್ಲಿ ನಾದಿನಿ ಇದ್ದಾಳೆ, ಇರಲು ಮನೆಯಿದೆ, ಮನಸ್ಸು ಅತ್ತಲೇ ಎಳೆಯುತ್ತಿತ್ತು. ಆದರೆ ಹುಬ್ಬಳ್ಳಿಗೆ ಅರಬೈಲ್ ಘಟ್ಟವೋ ದೇವಿಮನೆ ಘಟ್ಟವೋ ಹತ್ತಲೇಬೇಕು. ಜುಲೈ 16ರಂದು, ನನಗೆ 35 ವಾರವಾಗಿದ್ದಾಗ, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಗಂಗಾವಳಿ ದಡದ ಚಹಾ ಅಂಗಡಿಯವರು, ಲಾರಿಯವರು ಮಣ್ಣಿನಡಿ ಹೋದರು. ಕಾರವಾರದ ದಾರಿ, ಅಂಕೋಲಾ ಮೇಲೆ ಹುಬ್ಬಳ್ಳಿಗೆ ಹೋಗುವ ದಾರಿ ಎರಡೂ ಹಲವು ದಿನ ಬಂದ್. ಅದಕ್ಕೆ ಎರಡು ವರ್ಷ ಮುಂಚೆ, 2022ರ ಅದೇ ಜುಲೈನಲ್ಲಿ, ಇನ್ನೊಂದು ಶಿರೂರಿನ, ಬೈಂದೂರು ಕಡೆಯ ಟೋಲ್ ಗೇಟಿನಲ್ಲಿ, ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಮಗುಚಿ ಜೀವಗಳು ಹೋಗಿದ್ದವು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಆಗ ಇಡೀ ಜಿಲ್ಲೆ ಕೂಗಿಕೊಂಡಿತ್ತು, ನಾನೂ ಕೂಗಿದ್ದೆ. ನಮ್ಮ ಕಡೆ ಆಸ್ಪತ್ರೆ ಆರಿಸುವಾಗ ದಾರಿಯನ್ನೂ ಆಸ್ಪತ್ರೆಯ ಒಂದು ಭಾಗವೆಂದೇ ಎಣಿಸಬೇಕು. ಮಂಗಳೂರು ದೂರ ನಿಜ, ಆದರೆ ಘಟ್ಟವಿಲ್ಲದ ದಾರಿ. ನೋವು ಶುರುವಾದ ಮೇಲೆ ಹೊರಡುವ ಬದಲು ಮೊದಲೇ ಹೋಗಿ ಉಳಿದರೆ ಆ ದೂರವೂ ಲೆಕ್ಕಕ್ಕಿಲ್ಲ.

ಮಂಗಳೂರಿನಲ್ಲಿ ಎರಡು ಆಸ್ಪತ್ರೆಗಳನ್ನು ಮೇ, ಜೂನ್ ತಿಂಗಳಲ್ಲೇ ನೋಡಿ ಬಂದಿದ್ದೆ. ಎರಡೂ ಕಡೆ ದುಡ್ಡು ಕೊಟ್ಟು ತೋರಿಸಿಕೊಂಡೆ. ಸುಮ್ಮನೆ ವಿಚಾರಿಸಿದರೆ ರಿಸೆಪ್ಶನಿನವರ ಮಾತಷ್ಟೇ ಕಿವಿಗೆ ಬೀಳುತ್ತದೆ.

ಒಂದು, ಹೆಂಗಸರು ಮಕ್ಕಳದ್ದೇ ಖಾಸಗಿ ಆಸ್ಪತ್ರೆ. ಎಷ್ಟು ಚೊಕ್ಕ ಎಂದರೆ ಚಪ್ಪಲಿ ಹೊರಗೆ ಬಿಡಬೇಕು. ಹೇಳಿದ ಹೊತ್ತಿಗೆ ಡಾಕ್ಟರು ಸಿಕ್ಕರು, ಹಾಲೂಡಿಸಲು ಕಲಿಸುವವರೇ ಬೇರೆ ಇದ್ದರು. ಚೀಟಿ ತೆಗೆದು ಕೇಳಿದೆ. ಅನಸ್ತೇಷಿಯಾದವರು ಮನೆಯಿಂದ ಬರುತ್ತಾರೆ, ಹತ್ತೇ ನಿಮಿಷ ಎಂದರು. ರಕ್ತ ಹೊರಗಿನ ಬ್ಲಡ್ ಬ್ಯಾಂಕಿನಿಂದ ತರಿಸುತ್ತೇವೆ, ಚಿಂತೆ ಬೇಡ ಎಂದರು. ಎನ್‌ಐಸಿಯು ಇತ್ತು. ನಾರ್ಮಲ್‌ಗೆ ಪ್ರಯತ್ನಿಸಬಹುದಾ ಎಂದದ್ದಕ್ಕೆ, ಒಮ್ಮೆ ಸಿಸೇರಿಯನ್ ಆದ ಮೇಲೆ ಮತ್ತೆ ಅದೇ ಒಳ್ಳೆಯದು ಎಂದು ಹೇಳಿ ಆಗಸ್ಟ್ 12ರ ದಿನ ಗುರುತು ಹಾಕಿಬಿಟ್ಟರು, ‘ಬೇಕಿದ್ರೆ ಮುಹೂರ್ತ ನೋಡಿಸಿ’ ಅಂತಲೂ ಅಂದರು. ನನ್ನ ಹಳೆಯ ಆಪರೇಶನ್ ಕಾಗದವನ್ನು ಮಾತ್ರ ಬಿಚ್ಚಿಯೂ ನೋಡಲಿಲ್ಲ.

ಇನ್ನೊಂದು, ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ. ಜಾತ್ರೆಯಂಥ ಜನ. ಮೂರು ಗಂಟೆ ಕಾದೆ. ಕಲಿಯುವ ಡಾಕ್ಟರುಗಳು ಒಬ್ಬರಾದ ಮೇಲೊಬ್ಬರು ಬಂದು ಅದದೇ ಪ್ರಶ್ನೆ ಐದು ಸಲ ಕೇಳಿದರು. ತಪಾಸಣೆಯ ಪರದೆ ಪೂರ್ತಿ ಮುಚ್ಚುತ್ತಿರಲಿಲ್ಲ, ನನ್ನ ಸೆರಗನ್ನೇ ಅಡ್ಡ ಹಿಡಿದುಕೊಂಡೆ. ಮಾನವಂತ ಹೆಣ್ಣಿಗೆ ಇದು ಸಣ್ಣ ಮಾತಲ್ಲ, ಅವರು ಸರಿಪಡಿಸಲೇಬೇಕು. ಆದರೆ ಚೀಟಿಯ ಮೂರೂ ಪ್ರಶ್ನೆಗೆ ಬೆರಳು ತೋರಿಸಿ ಉತ್ತರ ಕೊಟ್ಟರು. ಅನಸ್ತೇಷಿಯಾ ಡಾಕ್ಟರು ಇಪ್ಪತ್ನಾಲ್ಕು ಗಂಟೆ ಕಟ್ಟಡದೊಳಗೆ. ಬ್ಲಡ್ ಬ್ಯಾಂಕ್ ಕೆಳಗಿನ ಮಹಡಿಯಲ್ಲಿ. ಎನ್‌ಐಸಿಯು ಲೇಬರ್ ರೂಮಿನಿಂದ ಇಪ್ಪತ್ತು ಹೆಜ್ಜೆ. ಹಿರಿಯ ಡಾಕ್ಟರು ಬೆಂಗಳೂರಿನ ಕಾಗದ ಪೂರ್ತಿ ಓದಿದರು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡ ಕೊಯ್ದಿದ್ದಾರೆ, ಐದು ವರ್ಷದ ಅಂತರವಿದೆ, ಆದ್ದರಿಂದ ನಾರ್ಮಲ್‌ಗೆ ಪ್ರಯತ್ನ ಮಾಡಬಹುದು ಎಂದರು. ಹಾಗೆ ಪ್ರಯತ್ನಿಸಿದವರಲ್ಲಿ ನೂರಕ್ಕೆ 60ರಿಂದ 80 ಮಂದಿಗೆ ಆಗುತ್ತದೆ, ಸಾವಿರಕ್ಕೆ ಸುಮಾರು ಐವರಿಗೆ ಹಳೆಯ ಹೊಲಿಗೆ ಬಿಚ್ಚುವ ಅಪಾಯವಿದೆ, ಹಾಗಾದರೆ ನಿಮಿಷಗಳೇ ಮುಖ್ಯ, ಅದಕ್ಕೇ ಮಗುವಿನ ಎದೆಬಡಿತವನ್ನು ಬಿಡದೆ ನೋಡುತ್ತಿರುತ್ತೇವೆ ಎಂದು ವಿವರಿಸಿದರು. ಓ ನೆಗೆಟಿವ್ ದಾನಿಯೊಬ್ಬರನ್ನು ಗೊತ್ತು ಮಾಡಿಟ್ಟುಕೊಳ್ಳಿ ಎಂದೂ ಹೇಳಿದರು. ಶಿರಸಿಯ ಚಿಕ್ಕಪ್ಪನ ಮಗ ಅದೇ ಗುಂಪಿನವನು, ನಾನು ಕೇಳಿದ ವಾರವೇ ಬಂದು ರಕ್ತ ಕೊಟ್ಟು ಹೋದ.

ಅಪಾಯವನ್ನು ಅಂಕಿಯಲ್ಲಿ ಹೇಳಿದವರ ಮೇಲೆ ನನಗೆ ನಂಬಿಕೆ ಬಂತು. ಚಿಂತೆ ಬೇಡ ಎಂದವರ ಮೇಲೆ ಬರಲಿಲ್ಲ.

ಶಿರೂರಿನ ಗುಡ್ಡ ಕುಸಿದ ಮರುವಾರವೇ ಮಂಗಳೂರಿಗೆ ಹೋದೆವು. ಆಸ್ಪತ್ರೆಯ ಹತ್ತಿರ ಅಡುಗೆ ಮಾಡಿಕೊಳ್ಳುವಂಥ ಒಂದು ಕೋಣೆ, ತಿಂಗಳಿಗೆ 14,000. ‘ಹಡೆಯಲೆ ಯಾರಾದ್ರೂ ಬಾಡಿಗೆ ರೂಮ್ ಮಾಡ್ತ್ವನೇ ಕೂಸೇ?’ ಎಂದು ಆಯಿ ಮೊದಲೆರಡು ದಿನ ಕೊರಗಿದಳು. ಆಮೇಲೆ ಕುಚ್ಚಲಕ್ಕಿ ಗಂಜಿ, ಮೆಣಸಿನ ಸಾರು ಎಂದು ಅಲ್ಲೇ ಸಂಸಾರ ಹೂಡಿದಳು. ಮೀನು ಮಾರುವವಳೋ, ಗದ್ದೆ ಕೂಲಿಯವಳೋ ಆಗಿದ್ದರೆ ನಾನು ಇದನ್ನು ಮಾಡಲು ಸಾಧ್ಯವೇ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಗಸ್ಟ್ 14ರ ಸಂಜೆ ನೋವು ತಾನಾಗಿ ಬಂತು. ಮಳೆಯಲ್ಲಿ ಆಟೋ ಹಿಡಿದು ಎಂಟು ನಿಮಿಷಕ್ಕೆ ತಲುಪಿದೆವು. ರಾತ್ರಿಯಿಡೀ ಹೊಟ್ಟೆಗೆ ಪಟ್ಟಿ ಕಟ್ಟಿ ಮಗುವಿನ ಬಡಿತ ನೋಡುತ್ತಿದ್ದರು. ನಸುಕಿನ ಮೂರಕ್ಕೆ ಹಳೆಯ ಹೊಲಿಗೆಯ ಜಾಗದಲ್ಲಿ, ನೋವಿನ ಅಲೆ ಇಳಿದ ಮೇಲೂ ಬಿಡದ ಉರಿ. ಪಾಳಿಯಲ್ಲಿದ್ದ ಡಾಕ್ಟರು ಯಂತ್ರದಿಂದ ಉದ್ದದ ಕಾಗದ ಹರಿದು ನನ್ನ ಕಣ್ಣೆದುರು ಹಿಡಿದರು. ‘ಇಲ್ಲಿವರೆಗೆ ಗೆರೆ ಹೇಗಿದೆ ನೋಡಿ. ಈಗ ಪ್ರತಿ ನೋವಿನ ನಂತ್ರ ಕೆಳಗಿಳಿದು ತಡವಾಗಿ ಮೇಲೆ ಬರ್ತಾ ಉಂಟು. ಹೊಲಿಗೆ ಜಾಗದ ನೋವೂ ಸೇರಿದ್ರಿಂದ ಇನ್ನು ಕಾಯುವುದು ಬೇಡ ಅಂತ ನನ್ನ ಅಭಿಪ್ರಾಯ.’ ಗೆರೆ ನನಗೂ ಕಂಡಿತು. ಆಗಲಿ ಎಂದೆ. 3.26ಕ್ಕೆ ಮಗ ಅತ್ತ ದನಿ ಕೇಳಿತು. ಹೊಲಿಗೆ ಬಿಚ್ಚಿರಲಿಲ್ಲ, ತೀರ ತೆಳ್ಳಗಾಗಿತ್ತಂತೆ. ಶಿರಸಿಯ ಅಣ್ಣ ಕೊಟ್ಟ ಬಾಟಲಿಗೆ ಸಮನಾದ ಒಂದು ಬಾಟಲಿ ಓ ನೆಗೆಟಿವ್ ಕೆಳಗಿನ ಮಹಡಿಯಿಂದ ಮೇಲೆ ಬಂದು ಸಿದ್ಧವಿತ್ತು. ಬೇಕಾಗಲಿಲ್ಲ.

ಎರಡು ಸಲವೂ ಸಿಸೇರಿಯನ್ನೇ. ಆದರೆ ಮೊದಲನೆಯದು ಇಂದಿಗೂ ನನ್ನನ್ನು ಕಾಡುತ್ತದೆ, ಎರಡನೆಯದರ ಬಗ್ಗೆ ಒಂದು ಗಳಿಗೆಯೂ ಅನುಮಾನ ಬಂದಿಲ್ಲ.

ದುಡ್ಡಿನ ಲೆಕ್ಕವನ್ನೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಪ್ಯಾಕೇಜ್ 1,10,000 ಎಂದದ್ದು ಮಗುವಿನ ಎನ್‌ಐಸಿಯು ಸೇರಿ 1,87,000 ಆಯಿತು. ಮಂಗಳೂರಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಸೆಮಿ-ಪ್ರೈವೇಟ್ ವಾರ್ಡು, ಬಾಡಿಗೆ ಕೋಣೆ, ಓಡಾಟ ಎಲ್ಲ ಸೇರಿ 92,000. ಚಪ್ಪಲಿ ಹೊರಗೆ ಬಿಡುವ ಆಸ್ಪತ್ರೆ ಹೇಳಿದ್ದು 1,25,000. ತಂಗಿಗೆ ಖರ್ಚಾದದ್ದು ಫಿನಾಯಿಲ್ ಮತ್ತು ನಮ್ಮ ಚಹಾ ತಿಂಡಿ. ಪ್ಯಾಕೇಜ್ ಎಂದು ಹೇಳುವವರ ಹತ್ತಿರ, ನಾರ್ಮಲ್ ಹೋಗಿ ಸಿಸೇರಿಯನ್ ಆದರೆ ಎಷ್ಟು, ಮಗುವನ್ನು ಎನ್‌ಐಸಿಯುದಲ್ಲಿಟ್ಟರೆ ದಿನಕ್ಕೆ ಎಷ್ಟು ಎಂದು ಕೇಳಿ ಬರೆಸಿಕೊಳ್ಳಿ.

ಮಗನದು ಬಿ ಪಾಸಿಟಿವ್. ಅದೇ ದಿನ ಸಂಜೆ ಆ್ಯಂಟಿ-ಡಿ ಕೊಟ್ಟು, ಕೊಟ್ಟ ಗಂಟೆಯನ್ನೂ ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಹನ್ನೆರಡನೇ ದಿನ ಶರಾವತಿ ಸೇತುವೆ ದಾಟಿ ಊರಿಗೆ ಬಂದವಳು ನೇರ ಹೋದದ್ದು ಕುಮಟಾದ ಆ ಮರದ ಬೆಂಚಿಗೆ. ಡಾಕ್ಟರಮ್ಮ ಗಾಯ ನೋಡಿದರು, ಫೈಲನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಆ ಚೀಟಿ ಇನ್ನೂ ಇದೆಯಾ ಎಂದು ಕೇಳಿದರು. ಇತ್ತು, ತಾಯಿ ಕಾರ್ಡಿನೊಳಗೆ. ಇಸಿದುಕೊಂಡು, ಹೊರಗೆ ಬೆಂಚಿನ ಮೇಲೆ ಕೂತಿದ್ದ ಏಳು ತಿಂಗಳ ಬಸುರಿಯೊಬ್ಬಳನ್ನು ಒಳಗೆ ಕರೆದು ಅವಳ ಕೈಗಿಟ್ಟರು.