ಕಾಂಟ್ರಾಕ್ಟರ್ ಕೊಟ್ಟ ಪುಕ್ಕಟೆ ಪ್ಲಾನ್, ಆರ್ಕಿಟೆಕ್ಟ್ ಮಾಡಿದ ಪ್ಲಾನ್: ಕಲಬುರಗಿಯಲ್ಲಿ ಎರಡು ಮನೆ ಕಟ್ಟಿಸಿದ ಅನುಭವ

2014ರಲ್ಲಿ ಆಳಂದ ರಸ್ತೆ ಕಡೆ ಅಪ್ಪ-ಅವ್ವನಿಗೆ ಮನೆ ಕಟ್ಟಿಸಿದೆ. 2022ರಲ್ಲಿ ಸೇಡಂ ರಸ್ತೆ ಕಡೆ ನಮಗೆ. ಎರಡೂ 30 ಬೈ 40 ಪ್ಲಾಟು. ಮೊದಲನೆಯದಕ್ಕೆ ಕಾಂಟ್ರಾಕ್ಟರ್ ಪುಕ್ಕಟೆ ಪ್ಲಾನ್ ಕೊಟ್ಟ, ಎರಡನೆಯದಕ್ಕೆ ಆರ್ಕಿಟೆಕ್ಟ್ ಹಿಡಿದೆವು. ಮತ್ತೆ ಕಟ್ಟಿಸೋದಾದರೆ ಆರ್ಕಿಟೆಕ್ಟ್ ಹತ್ತಿರವೇ ಹೋಗುತ್ತೇನೆ. ಕಾರಣ ಪಾಯ.

ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ತೊಗರಿ ಬೆಳೆಯೋರಿಗೆಲ್ಲ ಗೊತ್ತಿರುವ ವಿಷಯ. ಅಪ್ಪನ ಮನೆಗೆ ಮೂರೂವರೆ ಅಡಿ ಪಾಯ ತೋಡಿದಾಗ ಇಷ್ಟು ಸಾಕಾ ಅಂತ ಕೇಳಿದೆ. "ಓಣಿ ಪೂರಾ ಇಷ್ಟೇ ತೋಡ್ಯಾರ್ರಿ ಸರ, ಏನೂ ಆಗಂಗಿಲ್ಲ" ಅಂದ ಕಾಂಟ್ರಾಕ್ಟರ್. ನಂಬಿದೆ.

ಎರಡನೇ ಮಳೆಗಾಲಕ್ಕೆ ದೇವರ ಕೋಣೆ ಬಾಗಿಲು ಬಿಗಿಯಾಯಿತು. ಕಟ್ಟಿಗೆ ನೀರು ಕುಡಿದಿದೆ ಅಂದುಕೊಂಡು ಬಡಿಗೇರನ್ನು ಕರೆಸಿ ಕೀಸಿಸಿದೆವು. ಬೇಸಿಗೆಯಲ್ಲಿ ಅದೇ ಬಾಗಿಲಲ್ಲಿ ಬೆರಳು ತೂರುವಷ್ಟು ಸಂದಿ. ಮುಂದಿನ ಮಳೆಗೆ ಮತ್ತೆ ಬಿಗಿ.

ಆಮೇಲೆ ಚೌಕಟ್ಟಿನ ಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಬಿರುಕು ಬಿಟ್ಟಿತು. ಸಿಮೆಂಟ್ ತುಂಬಿ ಬಣ್ಣ ಹಚ್ಚಿಸಿದೆ. ವರ್ಷದೊಳಗೆ ಅಲ್ಲೇ ಮತ್ತೆ ಸೀಳಿತು. ಅವ್ವ ದಿನಾ ದೀಪ ಹಚ್ಚಿ ಆ ಬಿರುಕನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಆರು ವರ್ಷದಲ್ಲಿ ರಿಪೇರಿಗೇ 1,40,000 ರೂಪಾಯಿ ಹೋಯಿತು. ಬಿರುಕು ಇನ್ನೂ ಇದೆ.

ನಮ್ಮ ಮನೆಗೆ ಹಿಡಿದ ಆರ್ಕಿಟೆಕ್ಟ್ ಮೇಡಂ ಮೊದಲ ದಿನ ಎಲಿವೇಷನ್ (ಮನೆ ಮುಂಭಾಗದ) ಫೋಟೊ ತೋರಿಸಲೇ ಇಲ್ಲ. ಪ್ಲಾಟಿನ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ ಅಂದರು. ಒಂದು ಕಡೆ ಐದು ಅಡಿಗೆ ಗಟ್ಟಿ ಮುರುಮ್ (ಕಲ್ಲು ಬೆರೆತ ಗಡಸು ಮಣ್ಣು) ಸಿಕ್ಕಿತು, ಇನ್ನೊಂದು ಕಡೆ ಏಳು ಅಡಿಗೆ. ಅದನ್ನು ನೋಡಿಯೇ ಅವರ ಸ್ಟ್ರಕ್ಚರಲ್ ಎಂಜಿನಿಯರ್ ಕಾಲಂ, ಪ್ಲಿಂತ್ ಬೀಮ್ (ಪಾಯದ ಮೇಲೆ ಕಾಲಂಗಳನ್ನು ಜೋಡಿಸುವ ಕಾಂಕ್ರೀಟ್ ತೊಲೆ) ಲೆಕ್ಕ ಹಾಕಿದರು. ಒಳಗಿನ ಎರೆ ಮಣ್ಣು ಎತ್ತಿಸಿ, ಮುರುಮ್ ತುಂಬಿ, ನೀರು ಹೊಡೆದು ದಮ್ಮಸು ಮಾಡಿಸಿದೆವು. ಖರ್ಚು ಜಾಸ್ತಿಯೇ ಬಂತು. ಆದರೆ ಮಳೆಗಾಲಗಳು ಬಂದು ಹೋಗುತ್ತಿವೆ, ಒಂದು ಬಾಗಿಲೂ ಬಿಗಿಯಾಗಿಲ್ಲ.

ಮೆಟ್ಟಿಲು, ಬಚ್ಚಲು ಮಧ್ಯಾಹ್ನದ ಬಿಸಿಲು ಬಡಿಯುವ ಪಶ್ಚಿಮಕ್ಕೆ ಹಾಕಿದ್ದರಿಂದ ಮೇ ತಿಂಗಳಲ್ಲೂ ಮಲಗುವ ಕೋಣೆ ತಾಳಬಹುದು. ನೆಲಕ್ಕೆ ಶಹಾಬಾದ್ ಫರ್ಸಿ ಕಲ್ಲು, ಕಾಲಿಗೆ ತಣ್ಣಗಿದೆ.

ಒಂದು ತೊಂದರೆ ಆಯಿತು. ಡ್ರಾಯಿಂಗ್ ಮಿಲಿಮೀಟರ್‌ನಲ್ಲಿ, ನಮ್ಮ ಗೌಂಡಿ (ಗಾರೆ ಮೇಸ್ತ್ರಿ) ಅಳತೆ ಅಡಿ-ಇಂಚಿನಲ್ಲಿ. ಒಂದು ಕಿಟಕಿ ಒಡೆದು ಮತ್ತೆ ಕೂರಿಸಬೇಕಾಯಿತು. ಅಡಿಯಲ್ಲೇ ಬರೆದುಕೊಡಿ ಅಂತ ಮೊದಲೇ ಕೇಳಿಕೊಳ್ಳಿ.

ಮೇಡಂ ಫೀಸು ಆಗ ಚದರಡಿಗೆ 70 ರೂಪಾಯಿಯಂತೆ 1,600 ಚದರಡಿಗೆ 1,12,000 ಆಗಿತ್ತು. ಅಪ್ಪನ ಮನೆಯ ರಿಪೇರಿಗಿಂತ ಕಡಿಮೆಯೇ ಅಲ್ವಾ? ಎಂಟು ಸಲ ಸೈಟಿಗೆ ಬರೋದೂ ಅದರಲ್ಲೇ. ನನ್ನದು ನೌಕರಿ, ದಿನಾ ನಿಂತು ನೋಡೋಕೆ ಆಗಲ್ಲ. ನಿಮ್ಮ ಪ್ಲಾಟಲ್ಲಿ ಎರಡಡಿಗೇ ಮುರುಮ್ ಸಿಕ್ಕರೆ, ನೀವೇ ನಿಂತು ಕಟ್ಟಿಸೋರಾದರೆ, ಒಳ್ಳೆ ಗೌಂಡಿ ಮತ್ತು ಒಬ್ಬ ಎಂಜಿನಿಯರ್ ಸಾಕಾಗಬಹುದು. ಆರ್ಕಿಟೆಕ್ಟ್ ಹಿಡಿಯೋದಾದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಸಂಖ್ಯೆ ಕೇಳಿ. 1972ರ ಕಾಯ್ದೆ ಪ್ರಕಾರ ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ.

ಅಪ್ಪ ಈಗ ಮಾಳಿಗೆ ಮೇಲೆ ಒಂದು ಕೋಣೆ ಬೇಕು ಅನ್ನುತ್ತಿದ್ದಾರೆ. ಆ ಪಾಯ ತಾಳುತ್ತದಾ ಅಂತ ನೋಡೋಕೆ ಮುಂದಿನ ವಾರ ಮೇಡಂ ಮತ್ತು ಎಂಜಿನಿಯರ್ ಬರುತ್ತಿದ್ದಾರೆ.