ನರಹುಲಿಗೆ ನೈಟ್ರೋಜನ್ ಹೊಡೆಸುವ ಮುನ್ನ

ಮಂಗಳೂರಿನ ಕಂಕನಾಡಿ, ಹಂಪನಕಟ್ಟೆ, ಅತ್ತ ಉಡುಪಿ, ಮಣಿಪಾಲ, ಎಲ್ಲಿ ನೋಡಿದರೂ ಸ್ಕಿನ್ ಕ್ಲಿನಿಕ್ ಬೋರ್ಡಿನಲ್ಲಿ ಈಗ ‘ಕ್ರಯೋ’ ಎಂಬುದೊಂದು ಸಾಲು ಇರುತ್ತದೆ, ಅಂದರೆ ನರಹುಲಿಯನ್ನು ವಿಪರೀತ ಚಳಿಯಿಂದ ಹೆಪ್ಪುಗಟ್ಟಿಸಿ ತೆಗೆಯುವುದು. ಒಳಗೆ ಹೊಡೆಯುವ ದ್ರವ ನೈಟ್ರೋಜನ್ ಎಲ್ಲ ಕಡೆಯೂ ಒಂದೇ, ಮೈನಸ್ 196 ಡಿಗ್ರಿ. ಹಳ್ಳಿಯಲ್ಲಿ ದನಕ್ಕೆ ಕೃತಕ ಗರ್ಭಧಾರಣೆ ಮಾಡಲು ಬರುವವರ ಹೊಗೆಯಾಡುವ ಕ್ಯಾನಿನೊಳಗೆ ಇರುವುದೂ ಅದೇ. ಗುಣ ಬೇರೆಯಾಗುವುದು ಅದನ್ನು ಸಿಂಪಡಿಸುವ ಗನ್ ಕೈಗೆತ್ತಿಕೊಳ್ಳುವ ಮೊದಲಿನ ಐದು ನಿಮಿಷದಲ್ಲಿ.

ಅಂಗಾಲಿಗೆ ಗಟ್ಟಿಯಾಗಿ ಏನೇ ಬಂದರೂ ನಮ್ಮಲ್ಲಿ ‘ಆಣಿ’ ಎಂದೇ ಹೇಳುವುದು. ನರಹುಲಿಗೂ ಅದೇ ಹೆಸರು. ಆದರೆ ನಿಜವಾದ ಆಣಿಗೆ, ಅಂದರೆ ಒತ್ತಡಕ್ಕೆ ದಪ್ಪಗಾದ ಚರ್ಮಕ್ಕೆ, ಕ್ರಯೋ ದಂಡ. ಅದಕ್ಕೆ ಬೇಕಾದದ್ದು ಬೇರೆ ಚಪ್ಪಲಿ. ಒಳ್ಳೆಯ ಕ್ಲಿನಿಕ್‌ನಲ್ಲಿ ಮೊದಲು 15ನೇ ನಂಬರಿನ ಬ್ಲೇಡಿನಿಂದ ಮೇಲಿನ ಸತ್ತ ಚರ್ಮವನ್ನು ಪದರ ಪದರವಾಗಿ ಹೆರೆಯುತ್ತಾರೆ. ನರಹುಲಿಯಾದರೆ ಒಳಗೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು ಕಾಣುತ್ತವೆ, ಅವು ರಕ್ತ ಹೆಪ್ಪುಗಟ್ಟಿದ ಸಣ್ಣ ನಾಳಗಳು. ಅಂಗಾಲಿನ ಗೆರೆಗಳು ಅದರ ಸುತ್ತ ಬಳಸಿ ಹೋಗುತ್ತವೆ. ಆಣಿಯಾದರೆ ಚುಕ್ಕಿಯಿಲ್ಲ, ನಡುವೆ ಗಾಜಿನಂಥ ತಿರುಳು. ನೇರ ಒತ್ತಿದರೆ ಆಣಿ ನೋಯುತ್ತದೆ, ಎರಡು ಬದಿಯಿಂದ ಚಿವುಟಿದರೆ ನರಹುಲಿ. ಹೆರೆಯದೆ ಸೀದಾ ಗನ್ ಹಿಡಿದರೆ ಆ ದಪ್ಪ ಚರ್ಮವೇ ಚಳಿಯನ್ನು ತಡೆಯುತ್ತದೆ. ಚಪ್ಪಲಿ ಹಾಕಿಕೊಂಡಿರುವಾಗಲೇ ಹೊಡೆಸಿಕೊಂಡ ಹಾಗೆ.

ಕಪ್ಪು ಚುಕ್ಕಿಗಳ ಬದಲು ಹರಡುವ ಕಪ್ಪು ಕಲೆ ಕಂಡರೆ ಕ್ರಯೋ ಅಲ್ಲಿಗೇ ನಿಲ್ಲಬೇಕು. ಕಪ್ಪು ಮೈಬಣ್ಣದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಅಂಗಾಲು ಮುಖ್ಯ. ಹೆಪ್ಪುಗಟ್ಟಿಸಿದ ಮೇಲೆ ಬಯಾಪ್ಸಿಯಲ್ಲಿ ಸರಿಯಾಗಿ ಹೇಳುವುದು ಕಷ್ಟ.

ಗನ್ನಿನ ತುದಿಯನ್ನು ಚರ್ಮದಿಂದ ಒಂದು, ಒಂದೂವರೆ ಸೆಂಟಿಮೀಟರ್ ದೂರದಲ್ಲಿ ನೇರವಾಗಿ ಹಿಡಿಯಬೇಕು. ಬಿಳಿ ಮಂಜು ನಡುವಿನಿಂದ ಹರಡುತ್ತ ನರಹುಲಿಯ ಅಂಚು ದಾಟಿ 1–2 ಮಿಲಿಮೀಟರ್ ಆಚೆ ಬರಬೇಕು. ಸೆಕೆಂಡ್ ಎಣಿಕೆ ಶುರುವಾಗುವುದು ಆಮೇಲೆ: ಕೈಯದ್ದಕ್ಕೆ ಸುಮಾರು 10, ಅಂಗಾಲಿನದ್ದಕ್ಕೆ 20ರಿಂದ 30. ಟ್ರಿಗರ್ ಒತ್ತಿದ ಕ್ಷಣದಿಂದಲೇ ಎಣಿಸುವವರಿದ್ದಾರೆ, ಅದು ಅರ್ಧ ಕೆಲಸ. ಕೈಯ ನರಹುಲಿಗೆ ಒಂದು ಸುತ್ತು ಸಾಕು. ಅಂಗಾಲಿಗೆ ಎರಡು ಬೇಕು, ನಡುವೆ ಬಿಳುಪು ಪೂರ್ತಿ ಹೋಗಿ ಚರ್ಮ ಮೆತ್ತಗಾಗುವವರೆಗೆ ಕಾಯಬೇಕು. ಜೀವಕೋಶಗಳು ಹೆಪ್ಪುಗಟ್ಟುವಾಗ ಮಾತ್ರವಲ್ಲ, ನಿಧಾನ ಕರಗುವಾಗಲೂ ಸಾಯುತ್ತವೆ: ಮಂಜಿನ ಹರಳುಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ, ಆಮೇಲೆ ಅಲ್ಲಿನ ರಕ್ತನಾಳ ಕಟ್ಟಿಕೊಳ್ಳುತ್ತದೆ. ಬೇಗ ಮುಗಿಸಲು ಬೆರಳಿನಿಂದ ಉಜ್ಜಿ ಕರಗಿಸಿದರೆ ಕೊಟ್ಟ ದುಡ್ಡಿನ ಒಂದು ಪಾಲು ಅಲ್ಲೇ ಹೋಯಿತು.

ಮಲ್ಪೆ ಬಂದರಿನಲ್ಲಿ ಇಡೀ ದಿನ ಮಂಜುಗಡ್ಡೆಯಲ್ಲಿ ಕೈಯಿಟ್ಟು ಮೀನು ಹೆಕ್ಕುವವರಿಗೆ ನರಹುಲಿ ಯಾಕೆ ಸಾಯುವುದಿಲ್ಲ ಎಂದು ಕೇಳಬಹುದು. ಕರಗುವ ಮಂಜುಗಡ್ಡೆ ಸೊನ್ನೆ ಡಿಗ್ರಿ. ನರಹುಲಿಯಿರುವ ಚರ್ಮದ ಕೋಶ ಸಾಯಲು ಮೈನಸ್ 20ಕ್ಕಿಂತ ಕೆಳಗಿಳಿಯಬೇಕು. ಸದಾ ಒದ್ದೆಯಾಗಿರುವ, ಮೀನಿನ ಮುಳ್ಳು ತಾಗಿ ಗೀರಿದ ಕೈಗೆ ನರಹುಲಿಯ ವೈರಸ್ ಇನ್ನೂ ಸುಲಭವಾಗಿ ಹತ್ತುತ್ತದೆ.

ಗನ್ ಇಲ್ಲದ ಕಡೆ ಹತ್ತಿ ಸುತ್ತಿದ ಕಡ್ಡಿ ಅದ್ದಿ ಒತ್ತುತ್ತಾರೆ. ಸಣ್ಣದಕ್ಕೆ ಅದೂ ಆಗುತ್ತದೆ, ಆದರೆ ಮುಟ್ಟಿದ ಕಡ್ಡಿಯನ್ನು ದೊಡ್ಡ ಕ್ಯಾನಿಗೇ ಮತ್ತೆ ಅದ್ದುವುದು ಕಂಡರೆ ಎದ್ದು ಬನ್ನಿ. ನರಹುಲಿಯ ವೈರಸ್ ಆ ಚಳಿಗೆ ಸಾಯುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಲೋಟಕ್ಕೆ ಸುರಿದುಕೊಂಡು, ಉಳಿದದ್ದನ್ನು ಚೆಲ್ಲಬೇಕು. ಕೋಣೆಗೂ ಕಣ್ಣು ಹಾಯಿಸಿ. ಒಂದು ಲೀಟರ್ ದ್ರವ ಆವಿಯಾದರೆ ಹತ್ತಿರ ಹತ್ತಿರ 700 ಲೀಟರ್ ಅನಿಲ, ಅದು ಉಸಿರಾಡುವ ಗಾಳಿಯ ಜಾಗ ಹಿಡಿಯುತ್ತದೆ. ಕಿಟಕಿ ಮುಚ್ಚಿ ಎಸಿ ಹಾಕಿದ ಸಣ್ಣ ಕೋಣೆಯಲ್ಲಿ ಕ್ಯಾನ್ ಇಡುವುದು ಸರಿಯಲ್ಲ.

ನಮ್ಮ ಮೈಬಣ್ಣದ ಮಟ್ಟಿಗೆ ದೊಡ್ಡ ತಕರಾರು ಬಿಳಿ ಕಲೆ. ಬಣ್ಣ ಕೊಡುವ ಕೋಶ ಮೈನಸ್ 4ರಿಂದ 7 ಡಿಗ್ರಿಗೇ ಸಾಯುತ್ತದೆ, ನರಹುಲಿಗಿಂತ ಎಷ್ಟೋ ಮೊದಲು. ಅಂಗಾಲಲ್ಲಿ ಅದು ಕಾಣುವುದಿಲ್ಲ, ಮುಖದಲ್ಲಿ ತಿಂಗಳುಗಟ್ಟಲೆ ಎದ್ದು ಕಾಣುತ್ತದೆ, ಕೆಲವರಿಗೆ ಹೋಗುವುದೇ ಇಲ್ಲ. ಮದುವೆಗೆ ಮುಂಚೆ ಕೆನ್ನೆಯ ಸಣ್ಣ ಕಪ್ಪು ಗುಳ್ಳೆಗಳಿಗೆ ಕ್ರಯೋ ಮಾಡುತ್ತೇವೆ ಎನ್ನುವ ಕ್ಲಿನಿಕ್‌ಗೆ ಬೇಡ ಎನ್ನಿ. ಉಗುರಿನ ಬುಡಕ್ಕೆ ಜೋರಾಗಿ ಹೊಡೆದರೆ ಉಗುರು ಸೀಳಾಗಿ ಬೆಳೆಯಬಹುದು, ಬೆರಳಿನ ಬದಿಯಲ್ಲಿ ನರ ಮರಗಟ್ಟಬಹುದು. ಸಕ್ಕರೆ ಕಾಯಿಲೆಯವರ ಪಾದದ ನಾಡಿ, ಸ್ಪರ್ಶ ನೋಡದೆ ಮುಟ್ಟಬಾರದು. ಚಳಿಗೆ ಮೈಯೆಲ್ಲ ದದ್ದು ಏಳುವವರು, ಬೆರಳು ಬಿಳಿಚಿಕೊಳ್ಳುವವರು ಮೊದಲೇ ಹೇಳಬೇಕು.

ಮನೆಗೆ ಕಳಿಸುವಾಗ ಹೇಳಬೇಕಾದದ್ದನ್ನು ಹೇಳದಿರುವುದು ಈ ಸೇವೆಯ ಸಾಮಾನ್ಯ ದೋಷ. ಮರುದಿನಕ್ಕೆ ಗುಳ್ಳೆ ಏಳುತ್ತದೆ, ಒಮ್ಮೊಮ್ಮೆ ರಕ್ತ ತುಂಬಿ ನೇರಳೆ ಹಣ್ಣಿನ ಬಣ್ಣಕ್ಕೆ. ಅದು ಸಹಜ. ಬಿಗಿದು ನೋಯುತ್ತಿದ್ದರೆ ಶುದ್ಧ ಸೂಜಿಯಿಂದ ಬದಿಗೆ ಚುಚ್ಚಿ ನೀರು ಬಿಡಿ, ಮೇಲಿನ ಚರ್ಮ ಕೀಳಬೇಡಿ. ಕೆಂಪು ಹರಡಿದರೆ, ಕೀವಾದರೆ ವಾಪಸ್ ಹೋಗಿ. ಮಳೆಗಾಲದಲ್ಲಿ ತೋಟ, ಗದ್ದೆಗೆ ಇಳಿಯುವವರು ಅಂಗಾಲಿಗೆ ಹೊಡೆಸುವುದನ್ನು ಸಾಧ್ಯವಾದರೆ ಮುಂದೂಡುವುದು ಲೇಸು, ಒದ್ದೆಯಲ್ಲಿ ಗುಳ್ಳೆ ಒಡೆದರೆ ಮಾಯುವುದು ತಡ.

ಮುಂದಿನ ಸಿಟ್ಟಿಂಗ್ 2–3 ವಾರಕ್ಕೆ. ‘ಹೋಗದಿದ್ದರೆ ಬನ್ನಿ’ ಎಂದು ತಾರೀಕು ಕೊಡದೆ ಕಳಿಸುವುದು ಸರಿಯಲ್ಲ. ಬಿಲ್ ನರಹುಲಿಗಿಷ್ಟೋ ಸಿಟ್ಟಿಂಗಿಗಿಷ್ಟೋ ಎಂದು ಮೊದಲೇ ಕೇಳಿ. ಹತ್ತು ಸಣ್ಣದಿರುವವರಿಗೆ ಲೆಕ್ಕ ಪೂರಾ ಬದಲಾಗುತ್ತದೆ.

ಆನ್‌ಲೈನಿನಲ್ಲಿ ಸಿಗುವ ಮನೆಬಳಕೆಯ ಕ್ಯಾನುಗಳಲ್ಲಿ ಇರುವುದು ಡೈಮೀಥೈಲ್ ಈಥರ್ ಮತ್ತು ಪ್ರೊಪೇನ್. ಪ್ಯಾಕೆಟ್ಟಿನ ಮೇಲೆ ಮೈನಸ್ 57 ಎಂದಿದ್ದರೂ ಸ್ಪಂಜಿನ ಮೂಲಕ ಚರ್ಮದೊಳಕ್ಕೆ ಅಷ್ಟು ಚಳಿ ಇಳಿಯುವುದಿಲ್ಲ. ಕೈಯ ಹೊಸ, ಚಪ್ಪಟೆ ನರಹುಲಿಗೆ ನೋಡಬಹುದು, ಅಂಗಾಲಿಗೆ ಬೇಡ. ಬೆಂಕಿ ಹತ್ತುವ ಅನಿಲ, ದೇವರ ದೀಪದ ಹತ್ತಿರ ಬಳಸಬೇಡಿ.

ಅಂಗಾಲಿನದ್ದಕ್ಕೆ ನಮ್ಮ ಶಿಫಾರಸು ಕ್ರಯೋದಿಂದ ಶುರುಮಾಡುವುದಲ್ಲ. 2011ರಲ್ಲಿ ಪ್ರಕಟವಾದ, 240 ಜನರ ಮೇಲೆ ನಡೆದ ಬ್ರಿಟನ್ನಿನ ಪ್ರಯೋಗದಲ್ಲಿ 12 ವಾರಕ್ಕೆ ಪೂರ್ತಿ ಹೋದದ್ದು ಕ್ರಯೋದಲ್ಲೂ ಶೇ. 14, ನರಹುಲಿಗೆ ಹಚ್ಚುವ ಸ್ಯಾಲಿಸಿಲಿಕ್ ಆಸಿಡ್ ಎಂಬ ಔಷಧಿಯಲ್ಲೂ ಶೇ. 14. ಆಸಿಡ್ ಬಾಟಲಿ ಅಗ್ಗ. ರಾತ್ರಿ ಐದು ನಿಮಿಷ ಬಿಸಿನೀರಿನಲ್ಲಿ ಕಾಲಿಟ್ಟು, ಕಲ್ಲಿನಿಂದ ಉಜ್ಜಿ, ಸುತ್ತ ವ್ಯಾಸಲೀನ್ ಸವರಿ, ನರಹುಲಿಯ ಮೇಲಷ್ಟೇ ಒಂದು ಹನಿ ಹಾಕಿ ಟೇಪ್ ಅಂಟಿಸಿ. ಸಕ್ಕರೆ ಕಾಯಿಲೆಯವರು ಇದನ್ನೂ ಕೇಳದೆ ಮಾಡಬಾರದು. ಮತ್ತೆ ಆ ಉಜ್ಜುವ ಕಲ್ಲು, ಮನೆಮಂದಿಯೆಲ್ಲ ಬಳಸುವ ಬಚ್ಚಲಿನ ಕಲ್ಲು ಆಗಿರಬಾರದು.